ಸೈಡ್ ಬ್ಯಾಂಗ್ಸ್ ಒಂದೇ ಪಕ್ಕಕ್ಕೆ ನಿಲ್ಲಲ್ಲ, ಸುಳಿ ಇರೋ ಕಡೆ ಸೀಳುತ್ತೆ. ಏನು ಮಾಡಬೇಕು?

ಎಡಬೈತಲೆ:
ಹಣೆ ಮೇಲೆ ಓರೆಯಾಗಿ ಬೀಳೋ ಬ್ಯಾಂಗ್ಸ್ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳಿ. ಕೂದಲು ನೇರ, ಎಳೆ ಸಪೂರ. ಬೈತಲೆ ಎಡಗಡೆ, ಬ್ಯಾಂಗ್ಸ್ ಬಲಕ್ಕೆ ಬೀಳಬೇಕು. ಗಿಡ್ಡ ತುದಿ ಹುಬ್ಬಿನ ಹತ್ತಿರ, ಉದ್ದ ತುದಿ ಕೆನ್ನೆಮೂಳೆವರೆಗೆ ಇದೆ. ಬೈತಲೆ ಪಕ್ಕದಲ್ಲೇ ಹಣೆ ಅಂಚಿಗೆ ಒಂದು ಸುಳಿ ಇದೆ, ಅಲ್ಲಿ ಕೂದಲು ಎರಡು ಭಾಗ ಆಗಿ ಹಣೆ ಕಾಣುತ್ತೆ. ರೌಂಡ್ ಬ್ರಷ್ ಹಾಕಿ ಒಣಗಿಸಿದರೆ ಕೊಳವೆ ಥರ ಸುತ್ತಿಕೊಂಡು ನಿಲ್ಲುತ್ತೆ. ಹೇಗೋ ಸರಿ ಮಾಡಿಕೊಂಡರೂ ಮಧ್ಯಾಹ್ನಕ್ಕೆ ಜಿಡ್ಡು ಹಿಡಿದು ನಾಲ್ಕೈದು ಎಳೆಗಳಾಗಿ ಹಣೆಗೆ ಅಂಟಿಕೊಳ್ಳುತ್ತೆ.

ಇನ್ನೊಂದು: ತಂಗಿಯದು ಗುಂಗುರು ಕೂದಲು. ಅವಳಿಗೂ ಇದೇ ಕಟ್ ಬೇಕಂತೆ. ಗುಂಗುರಿಗೆ ಇದು ಕೂರುತ್ತಾ?

ಬುಡದಿಂದ_ತುದಿಗೆ:
ಸೀಳೋದು, ಕೊಳವೆ ಆಗೋದು, ಎರಡಕ್ಕೂ ಕಾರಣ ಒಂದೇ. ಶ್ರಮ ಎಲ್ಲ ತುದಿಗೆ ಹೋಗ್ತಿದೆ, ಬುಡ ತನಗೆ ಬೇಕಾದ ಹಾಗೆ ಒಣಗ್ತಿದೆ. ಬ್ಯಾಂಗ್ಸ್ ಯಾವ ಕಡೆ ಬೀಳುತ್ತೆ ಅನ್ನೋದು ತೀರ್ಮಾನ ಆಗೋದು ಬುಡದ ಮೊದಲ ಒಂದು ಅಂಗುಲದಲ್ಲಿ.

ಕೂದಲು ನೆನೆದಾಗ ಅದರ ಕೆರಾಟಿನ್ ಅನ್ನೋ ಪ್ರೋಟೀನ್‌ನಲ್ಲಿರೋ ಹೈಡ್ರೋಜನ್ ಬಂಧಗಳು ಬಿಡಿಸಿಕೊಳ್ಳುತ್ತವೆ. ಒಣಗುವಾಗ ಕೂದಲು ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ ಮತ್ತೆ ಕಟ್ಟಿಕೊಳ್ಳುತ್ತವೆ. ಮುಂದಿನ ಕೂದಲು ತೆಳು, ಅದಕ್ಕೇ ಬೇಗ ಒಣಗುತ್ತೆ. ತಲೆಗೆ ಟವೆಲ್ ಸುತ್ತಿಕೊಂಡು ಕಾಲು ಗಂಟೆ ಓಡಾಡಿದರೆ ಸುಳಿ ತನ್ನ ಕೆಲಸ ಮುಗಿಸಿಬಿಟ್ಟಿರುತ್ತೆ. ಆದ್ದರಿಂದ ಸ್ನಾನ ಆದ ತಕ್ಷಣ ಮೊದಲು ಬ್ಯಾಂಗ್ಸ್, ಆಮೇಲೆ ಉಳಿದ ತಲೆ. ಆಗಲೇ ಒಣಗಿದ್ದರೆ ಸ್ಪ್ರೇ ಬಾಟಲಿಯಿಂದ ಬುಡವನ್ನ ಪೂರ್ತಿ ನೆನೆಸಿ. ಬರೀ ತುದಿ ನೆನೆಸಿದರೆ ಏನೂ ಬದಲಾಗಲ್ಲ.

ರೌಂಡ್ ಬ್ರಷ್ ಪಕ್ಕಕ್ಕಿಡಿ. ಡ್ರೈಯರ್‌ಗೆ ಚಪ್ಪಟೆ ಮೂತಿ ಹಾಕಿ, ಮಧ್ಯಮ ಬಿಸಿ, ಹಣೆಯಿಂದ ಒಂದು ಗೇಣಿನಷ್ಟು ದೂರ. ಗಾಳಿ ಮೇಲಿನಿಂದ ಕೆಳಕ್ಕೆ ಬೀಳಬೇಕು. ಕೆಳಗಿನಿಂದ ಊದಿದರೆ ಪುಡಿಕೂದಲೆಲ್ಲ ಎದ್ದು ನಿಲ್ಲುತ್ತೆ. ಚಪ್ಪಟೆ ಬ್ರಷ್ ಅಥವಾ ಸಾಧಾರಣ ಬಾಚಣಿಗೆಯನ್ನ ಬುಡಕ್ಕೆ ಒತ್ತಿ ಹಿಡಿದು ಎಡಕ್ಕೆ ಐದಾರು ಸಲ ಎಳೀರಿ, ಗಾಳಿ ಬ್ರಷ್ ಹಿಂದೆಯೇ ಬರಲಿ. ಆಮೇಲೆ ಬಲಕ್ಕೆ ಐದಾರು ಸಲ. ಮತ್ತೆ ಎಡಕ್ಕೆ. ಬುಡ ಹೆಚ್ಚೂಕಮ್ಮಿ ಒಣಗೋವರೆಗೆ ಹೀಗೆ ಅತ್ತಿಂದಿತ್ತ ಹೋಗ್ತಾ ಇರಬೇಕು. ಸುಳಿಗೆ ತನ್ನದೇ ದಿಕ್ಕು ಇರುತ್ತೆ; ಎರಡೂ ಕಡೆ ಎಳೆದಾಗ ಅದರ ಹಟ ಇಳಿಯುತ್ತೆ. ಮೊದಲಿಂದಲೂ ಬಲಕ್ಕೇ ಎಳೆದರೆ ಬುಡ ತಲೆಗೆ ಚಪ್ಪಟೆಯಾಗಿ ಅಂಟಿ, ಸುಳಿ ಇರೋ ಜಾಗದಲ್ಲಿ ಮಾತ್ರ ಸೀಳುತ್ತೆ. ನಿಮಗೆ ಆಗ್ತಿರೋದು ಇದೇ.

ಎಳೆ ಸಪೂರ ಇರೋರಿಗೆ ಇನ್ನೊಂದು ಮಾತು: ಕೊನೆಯ ಸುತ್ತು ನಿಮಗೆ ಬೇಡದ ದಿಕ್ಕಿಗೆ, ಅಂದರೆ ಎಡಕ್ಕೆ ಇರಲಿ. ಪೂರ್ತಿ ಒಣಗಿದ ಮೇಲೆ ಬಲಕ್ಕೆ ತಿರುಗಿಸಿದಾಗ ಬುಡ ಸ್ವಲ್ಪ ಎದ್ದು ನಿಂತು ಆಮೇಲೆ ಬಾಗುತ್ತೆ. ಆ ಉಬ್ಬು ಇಲ್ಲದಿದ್ದರೆ ಸಪೂರ ಕೂದಲಿನ ಬ್ಯಾಂಗ್ಸ್ ಹಣೆಗೆ ಬಳಿದ ಹಾಗೆ ಕಾಣುತ್ತೆ.

ರೌಂಡ್ ಬ್ರಷ್ ಬೇಕೇ ಬೇಕು ಅಂದರೆ ಈಗ ತೊಗೊಳ್ಳಿ. ಅಡ್ಡಳತೆ 4ರಿಂದ 5 ಸೆಂ.ಮೀ. ಇರಬೇಕು, ಎರಡೂವರೆ ಸೆಂ.ಮೀ.ದು ತೊಗೊಂಡರೆ ಕೊಳವೆ ಖಂಡಿತ. ಕೊನೆಯ ಮೂರು ನಾಲ್ಕು ಸೆಂ.ಮೀ. ಮಾತ್ರ ಸುತ್ತಿ, ಅದೂ ಅರ್ಧ ಸುತ್ತು, ಬ್ರಷ್ಷನ್ನ ಬಲಗೆನ್ನೆ ಕಡೆಗೆ ಓರೆಯಾಗಿ ಜಾರಿಸಿ. ನೇರ ಮುಂದಕ್ಕೆ ಎಳೆಯಬೇಡಿ. ತಣ್ಣನೆ ಗಾಳಿ ಹತ್ತು ಹದಿನೈದು ಸೆಕೆಂಡ್ ಕೊಟ್ಟು, ಚಪ್ಪಟೆ ಕ್ಲಿಪ್‌ನಿಂದ ಓರೆಯಾಗಿ ಹಿಡಿಸಿ ಐದು ನಿಮಿಷ ಬಿಡಿ. ಬಿಸಿ ಆರೋ ಮೊದಲೇ ಕೈಯಾಡಿಸಿದರೆ ಅಷ್ಟೂ ಕೆಲಸ ನೀರುಪಾಲು.

ಮೂಸ್ (ಕೂದಲಿಗೆ ಉಬ್ಬು ಕೊಡೋ ನೊರೆ) ಹಾಕೋದಾದರೆ ಗೋಲಿಯಷ್ಟು ಸಾಕು, ಒದ್ದೆ ಬುಡಕ್ಕೆ. ಸೀರಮ್, ಕ್ರೀಮ್ ಇವು ಸಪೂರ ಬ್ಯಾಂಗ್ಸ್ ಹತ್ತಿರಕ್ಕೂ ಬೇಡ. ಹೇರ್ ಸ್ಪ್ರೇಯನ್ನ ನೇರ ಹಣೆಗೆ ಹೊಡೆದರೆ ಗಟ್ಟಿ ಪಟ್ಟಿ ಆಗುತ್ತೆ. ಬಾಚಣಿಗೆಗೆ ಹೊಡೆದು ಅದರಿಂದ ಒಂದು ಸಲ ಬಾಚಿ.

ಗುಂಗುರುಮನೆ:
ತಂಗಿ ಪ್ರಶ್ನೆಗೆ: ಕೂರುತ್ತೆ, ಚೆನ್ನಾಗೇ ಕೂರುತ್ತೆ. ಆದರೆ ಒದ್ದೆಯಲ್ಲಿ ಕತ್ತರಿಸೋಕೆ ಬಿಡಬೇಡಿ. ನೆನೆದ ಕೂದಲು ಹಿಗ್ಗಿರುತ್ತೆ. ನೇರ ಕೂದಲೂ ಒಣಗಿದಾಗ ಒಂಚೂರು ಮೇಲೆ ಹೋಗುತ್ತೆ, ಅಲೆಗೂದಲು ಎರಡು ಮೂರು ಸೆಂ.ಮೀ. ಹೋಗಬಹುದು, ಬಿಗಿ ಗುಂಗುರಾದರೆ ಉದ್ದದಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯ. ಒದ್ದೆಯಲ್ಲಿ ಹುಬ್ಬಿನ ಮಟ್ಟಕ್ಕೆ ಕತ್ತರಿಸಿದರೆ ಒಣಗಿದ ಮೇಲೆ ಹಣೆ ಮೇಲೆ ಪೊದೆ ಕೂತಿರುತ್ತೆ.

ತೊಳೆದು, ತನ್ನಷ್ಟಕ್ಕೆ ಒಣಗಿಸಿ, ಸುರುಳಿಗಳು ಅವುಗಳ ಜಾಗದಲ್ಲಿ ಬಿದ್ದ ಮೇಲೆ, ಬಾಚದೆ, ಎಳೆಯದೆ, ಒಂದೊಂದೇ ಸುರುಳಿ ಹಿಡಿದು ಕತ್ತರಿಸಬೇಕು. ಅತಿ ಗಿಡ್ಡ ಸುರುಳಿ ಎಳೆದಾಗ ಮೂಗಿನ ತುದಿವರೆಗಾದರೂ ಬರಲಿ. ಬಿಟ್ಟಾಗ ಅದು ಹುಬ್ಬಿನ ಸುತ್ತಮುತ್ತ ಬಂದು ನಿಲ್ಲುತ್ತೆ. ಬಿಗಿ ಸುರುಳಿಗೆ ಇನ್ನೂ ಉದ್ದ ಬಿಡಿ. ಅಂಚು ಹರಿತವಾಗಿರಬೇಕು ಅಂತ ಆಸೆ ಬೇಡ. ಗುಂಗುರಿನಲ್ಲಿ ಓರೆ ಕಾಣೋದು ಗೆರೆಯಿಂದ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಸುರುಳಿಗಳಿಂದ.

ಒಣಗಿಸೋಕೆ: ನೀರು ತೊಟ್ಟಿಕ್ಕುವ ಹಾಗೆ ಇರುವಾಗಲೇ ಬಟಾಣಿಯಷ್ಟು ಜೆಲ್ ಅಂಗೈಯಲ್ಲಿ ಉಜ್ಜಿ, ಬ್ಯಾಂಗ್ಸನ್ನ ಬೇಕಾದ ಕಡೆಗೆ ಸವರಿ ತುದಿಯಿಂದ ಮೇಲಕ್ಕೆ ಹಿಸುಕಿ. ಬುಡದಲ್ಲಿ ಎರಡು ಚಿಕ್ಕ ಕ್ಲಿಪ್ ಹಾಕಿದರೆ ದಿಕ್ಕೂ ಉಬ್ಬೂ ಎರಡೂ ನಿಲ್ಲುತ್ತೆ. ಡಿಫ್ಯೂಸರ್ (ಗಾಳಿಯನ್ನ ಹರಡಿ ಬಿಡೋ ಡ್ರೈಯರ್ ಮೂತಿ) ಇದ್ದರೆ ಕಡಿಮೆ ಬಿಸಿ, ಕಡಿಮೆ ವೇಗ. ಪೂರ್ತಿ ಒಣಗೋವರೆಗೆ ಮುಟ್ಟಬಾರದು. ಅರ್ಧ ಒಣಗಿದಾಗ ಕೈ ಹಾಕಿದರೆ ಸುರುಳಿ ಬಿಚ್ಚಿ ನೊರೆ ಥರ ಆಗುತ್ತೆ. ಜೆಲ್ ಗಟ್ಟಿಯಾಗಿ ಕರಕರ ಅಂದರೆ ಗಾಬರಿ ಬೇಡ, ಒಣಗಿದ ಮೇಲೆ ಅಂಗೈಯಿಂದ ಮೆಲ್ಲಗೆ ಹಿಸುಕಿದರೆ ಬಿಡುತ್ತೆ.

ಬ್ಯಾಂಗ್ಸ್ ಮಾತ್ರ ದಿನಾ ಸ್ಟ್ರೈಟ್ನರ್ ಹಾಕಿ ಉಳಿದದ್ದನ್ನ ಗುಂಗುರಾಗಿ ಬಿಡೋ ಉಪಾಯ ಕೆಲವರದು. ನನ್ನ ಮಟ್ಟಿಗೆ ಅದು ಕೆಟ್ಟ ವ್ಯಾಪಾರ. ಗಾಳಿಯ ತೇವವೇ ಆ ಹೈಡ್ರೋಜನ್ ಬಂಧಗಳನ್ನ ಬಿಡಿಸುತ್ತೆ, ಮೋಡ ಕವಿದ ದಿನ ಒಂದೆರಡು ಗಂಟೆಯಲ್ಲಿ ಸುರುಳಿ ವಾಪಸ್. ದಿನದಿನದ ಬಿಸಿಯಿಂದ ಆಗೋ ಹಾನಿ ಮಾತ್ರ ವಾಪಸ್ ಹೋಗಲ್ಲ. ಕೆಲವು ತಿಂಗಳಲ್ಲಿ ಮುಂದಿನ ಕೂದಲು ನೇರವೂ ಅಲ್ಲ ಗುಂಗುರೂ ಅಲ್ಲ ಅನ್ನೋ ಸ್ಥಿತಿಗೆ ಬರುತ್ತೆ.

ಕತ್ತರಿಕೋನ:
ಒಣಗಿಸೋ ವಿಷಯ ಮೇಲೆ ಬಂದಾಯ್ತು. ಕಟ್ಟೇ ತಪ್ಪಿದ್ದರೆ ಯಾವ ಬ್ರಷ್ಷೂ ಕಾಪಾಡಲ್ಲ, ಅದನ್ನ ಹೇಳ್ತೀನಿ.

ಬ್ಯಾಂಗ್ಸ್‌ಗೆ ತೊಗೊಳ್ಳೋ ಕೂದಲು ತ್ರಿಕೋನ. ಮೇಲಿನ ತುದಿ ಬೈತಲೆ ಮೇಲೆ, ಹಣೆ ಅಂಚಿನಿಂದ 4–6 ಸೆಂ.ಮೀ. ಹಿಂದೆ. ಕೆಳಗಿನ ಎರಡು ಮೂಲೆ ಹುಬ್ಬುಗಳ ಹೊರತುದಿಯ ನೇರಕ್ಕೆ ನಿಲ್ಲಬೇಕು. ಅದಕ್ಕಿಂತ ಹೊರಗೆ ಕಣತಲೆ ಕೂದಲು ಸೇರಿಸಿದರೆ, ಅದು ಹುಟ್ಟಾ ತೆಳು, ಕಿವಿ ಕಡೆಗೆ ಓಡುತ್ತೆ, ಪಕ್ಕದಲ್ಲಿ ತೂತು ಬಿದ್ದ ಹಾಗೆ ಕಾಣುತ್ತೆ. ಸಪೂರ ಕೂದಲಿಗೆ ತ್ರಿಕೋನದ ತುದಿ ಹಿಂದಕ್ಕೆ ಹೋಗಲಿ, ತುಂಬಿ ಕಾಣಲು. ದಟ್ಟ ಕೂದಲಿಗೆ 3–4 ಸೆಂ.ಮೀ. ಸಾಕು, ಇಲ್ಲವಾದರೆ ಟೋಪಿ ಇಟ್ಟ ಹಾಗಿರುತ್ತೆ.

ಬಲಕ್ಕೆ ಬೀಳೋ ಬ್ಯಾಂಗ್ಸ್ ಬೇಕಾದರೆ ಕೂದಲನ್ನೆಲ್ಲ ಎಡಕ್ಕೆ, ಅಂದರೆ ಗಿಡ್ಡ ತುದಿ ಬರೋ ಕಡೆಗೆ, ಒಟ್ಟುಮಾಡಿ ಹಿಡಿದು ಕತ್ತರಿಸಬೇಕು. ಬಲಗಡೆ ಕೂದಲು ಅಲ್ಲಿಗೆ ಬರಲು ಹೆಚ್ಚು ದೂರ ಸಾಗುತ್ತೆ, ಬಿಟ್ಟಾಗ ಅದೇ ಉದ್ದವಾಗಿ ಉಳಿಯುತ್ತೆ. ಓರೆ ತಾನೇ ಬರೋದು ಹೀಗೆ. ಎಷ್ಟೋ ಜನ ಬಲಕ್ಕೆ ಎಳೆದು ಹಿಡಿದು ಓರೆ ಗೆರೆ ಕತ್ತರಿಸ್ತಾರೆ, ಕೈಬಿಟ್ಟ ತಕ್ಷಣ ಲೆಕ್ಕ ತಲೆಕೆಳಗು. ಮೊದಲ ಕತ್ತರಿ ಮೂಗಿನ ತುದಿಯ ಮಟ್ಟದಲ್ಲಿ ಹಾಕಿ, ಆಮೇಲೆ ಮೂರು ನಾಲ್ಕು ಮಿ.ಮೀ. ಲೆಕ್ಕದಲ್ಲಿ ಮೇಲೆ ಬನ್ನಿ. ಕತ್ತರಿಯನ್ನ ಅಡ್ಡ ಹಿಡಿಯಬೇಡಿ, ತುದಿ ಮೇಲ್ಮುಖವಾಗಿ ಹಿಡಿದು ಒಂದು ಸೆಂ.ಮೀ. ಆಳಕ್ಕೆ ಚುಚ್ಚಿ ಚುಚ್ಚಿ ಕತ್ತರಿಸಿ. ಬೆರಳಲ್ಲಿ ಬಿಗಿಯಾಗಿ ಎಳೆಯಲೂ ಬೇಡಿ.

ನಿಮ್ಮ ವಿಷಯಕ್ಕೆ: ಗಿಡ್ಡ ತುದಿ ಸುಳಿಯ ಮೇಲೇ ಬಂದಿದೆ. ಗಿಡ್ಡ ಕೂದಲಿಗೆ ಭಾರ ಇಲ್ಲ, ಸುಳಿ ಸುಲಭವಾಗಿ ಎತ್ತುತ್ತೆ. ಅದನ್ನ ಕಣ್ಣಿನ ಕೆಳಗಿನವರೆಗೆ ಬೆಳೆಯೋಕೆ ಬಿಡಿ. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂ.ಮೀ. ಬೆಳೆಯುತ್ತೆ, ಮೂರು ನಾಲ್ಕು ತಿಂಗಳ ಮಾತು. ಒದ್ದೆ ಕೂದಲನ್ನ ಹಿಂದಕ್ಕೆ ಬಾಚಿ ನೆತ್ತಿ ಮೇಲೆ ಅಂಗೈ ಇಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿ ನೋಡಿ. ತಾನಾಗಿ ಎಲ್ಲಿ ಬಿರಿಯುತ್ತೋ ಅದು ನಿಜವಾದ ಬೈತಲೆ. ಅದು ಬಲಗಡೆ ಬಂದರೆ ಎಡಕ್ಕೇ ಬ್ಯಾಂಗ್ಸ್ ಇಳಿಬಿಡೋದು ಜಾಣತನ.

ದಟ್ಟ ಕೂದಲಿನವರಿಗೆ: ತೆಳು ಮಾಡೋ ಹಲ್ಲುಕತ್ತರಿಯನ್ನ ಬುಡದ ಹತ್ತಿರ ಬಿಡಲೇಬೇಡಿ. ಅಲ್ಲಿ ತುಂಡಾದ ಪುಟ್ಟ ಕೂದಲು ಮೇಲಿನದನ್ನ ಎತ್ತಿ ಹಿಡಿಯುತ್ತೆ, ಬ್ಯಾಂಗ್ಸ್ ಇನ್ನಷ್ಟು ಉಬ್ಬುತ್ತೆ.

ಬುಡದಿಂದ_ತುದಿಗೆ:
ಹಲ್ಲುಕತ್ತರಿ ಬಗ್ಗೆ ಅರ್ಧ ಒಪ್ಪಿಗೆ. ಕೆಳಗಿನ ಮೂರನೇ ಒಂದು ಭಾಗದಲ್ಲಿ ಒಂದೆರಡು ಸಲ ಹಾಕಿದರೆ ದಟ್ಟ, ನೇರ ಕೂದಲಿಗೆ ಒಳ್ಳೆಯದೇ. ಗುಂಗುರಿಗೆ ಮಾತ್ರ ಎಲ್ಲೂ ಬೇಡ.

ದಟ್ಟ, ಒರಟು ಕೂದಲಿಗೆ ಡ್ರೈಯರ್ ಸಾಲದೆ ಸ್ಟ್ರೈಟ್ನರ್ ಬೇಕಾಗಬಹುದು. ಪಟ್ಟಿ ಎರಡೂವರೆ ಸೆಂ.ಮೀ. ಅಗಲದ್ದು. ಬಣ್ಣ ಹಾಕಿದ ಅಥವಾ ಸಪೂರ ಕೂದಲಿಗೆ 150 ಡಿಗ್ರಿ ಸೆಲ್ಸಿಯಸ್, ಸಾಧಾರಣಕ್ಕೆ 170–180, ಒರಟಿಗೂ 200 ದಾಟಬೇಡಿ. ಮೊದಲು ಹೀಟ್ ಪ್ರೊಟೆಕ್ಟಂಟ್ (ಬಿಸಿಯಿಂದ ಕೂದಲು ಕಾಪಾಡೋ ಲೇಪ) ಹಾಕಿ ಪೂರ್ತಿ ಒಣಗಿಸಿ. ಚುಂಯ್ ಅಂತ ಸದ್ದು ಬಂದರೆ ಕೂದಲೊಳಗಿನ ನೀರು ಕುದೀತಿದೆ ಅಂತ ಅರ್ಥ, ತಕ್ಷಣ ನಿಲ್ಲಿಸಿ. ಒಂದೇ ಸಲ, ಮೂರು ನಾಲ್ಕು ಸೆಕೆಂಡಲ್ಲಿ, ಬೀಳಬೇಕಾದ ದಿಕ್ಕಿಗೇ ಜಾರಿಸುತ್ತಾ ಹುಬ್ಬಿನ ಮಟ್ಟದಲ್ಲಿ ಮಣಿಕಟ್ಟನ್ನ ಒಂಚೂರು ತಿರುಗಿಸಿ. ನಡುವೆ ನಿಂತರೆ ಗೆರೆ ಮೂಡುತ್ತೆ.

ಹಣೆಯಂಚು:
ಜಿಡ್ಡಿನ ಪ್ರಶ್ನೆ ಉಳಿದುಬಿಟ್ಟಿತು. ಆ ಜಿಡ್ಡು ಬಹುಪಾಲು ಹಣೆಯದು, ಕೂದಲಿನದಲ್ಲ. ಮುಖಕ್ಕೆ ಹಚ್ಚೋ ಕ್ರೀಮ್, ಸನ್‌ಸ್ಕ್ರೀನ್ ಚರ್ಮಕ್ಕೆ ಇಳಿಯಲಿ, ಹತ್ತು ನಿಮಿಷ ಬ್ಯಾಂಗ್ಸನ್ನ ಹಿಂದಕ್ಕೆ ಕ್ಲಿಪ್ ಮಾಡಿಡಿ. ದಿನಾ ತಲೆಸ್ನಾನ ಬೇಡ. ಉಳಿದದ್ದನ್ನ ಕಟ್ಟಿ, ಬ್ಯಾಂಗ್ಸ್ ಮಾತ್ರ ಸಿಂಕಿನಲ್ಲಿ ಬಟಾಣಿಯಷ್ಟು ಶಾಂಪೂ ಹಾಕಿ ತೊಳೆದರೆ ಎರಡು ನಿಮಿಷದ ಕೆಲಸ. ಕಂಡೀಷನರ್ ಬ್ಯಾಂಗ್ಸ್‌ಗೆ ಬೇಕಿಲ್ಲ. ತಲೆಗೆ ಎಣ್ಣೆ ಹಚ್ಚಿದ ರಾತ್ರಿ ಬ್ಯಾಂಗ್ಸನ್ನ ಹಣೆಯಿಂದ ಮೇಲೆತ್ತಿ ಕಟ್ಟಿ. ಎಣ್ಣೆ ಹಣೆಗೆ ಇಳಿದು ರಂಧ್ರ ಮುಚ್ಚಿ ಅಂಚಿನುದ್ದಕ್ಕೂ ಸಣ್ಣ ಗುಳ್ಳೆ ಬರೋದುಂಟು.

ಡ್ರೈ ಶಾಂಪೂವನ್ನ ಜಿಡ್ಡು ಹಿಡಿದ ಮೇಲೆ ಅಲ್ಲ, ಮೊದಲೇ ಹಾಕಿ. ಬ್ಯಾಂಗ್ಸ್ ಎತ್ತಿ ಹಿಡಿದು ಒಳಮೈಗೆ, 20 ಸೆಂ.ಮೀ. ದೂರದಿಂದ, ಒಂದೇ ಸಲ. ಎರಡು ನಿಮಿಷ ಬಿಟ್ಟು ಬಾಚಿ. ಹತ್ತಿರದಿಂದ ಹೊಡೆದರೆ ಕಪ್ಪು ಕೂದಲಲ್ಲಿ ಬೂದಿ ಬಣ್ಣ ಎದ್ದು ಕಾಣುತ್ತೆ.

ನೋಟದ ಮಾತಿಗೆ ಬಂದರೆ, ದುಂಡು ಮುಖಕ್ಕೆ ಇದು, ಉದ್ದ ಮುಖಕ್ಕೆ ಅದು ಅನ್ನೋ ಪಟ್ಟಿಗಳನ್ನ ಅರ್ಧ ನಂಬಿದರೆ ಸಾಕು. ದುಂಡು ಮುಖಕ್ಕೆ ಬೈತಲೆ ಹೆಚ್ಚು ಪಕ್ಕಕ್ಕೆ ಹೋಗಿ ಉದ್ದ ತುದಿ ಕೆನ್ನೆಮೂಳೆ ಕೆಳಗೆ ಇಳಿದರೆ ಮುಖ ನೀಳವಾಗಿ ಕಾಣುತ್ತೆ, ಹಣೆ ದೊಡ್ಡದಿದ್ದರೆ ತುಂಬು ಬ್ಯಾಂಗ್ಸ್ ಒಪ್ಪುತ್ತೆ, ನಿಜ. ಆದರೆ ಕೂದಲು ಬೆಳೆಯೋ ದಿಕ್ಕಿಗೆ ವಿರುದ್ಧ ಹೋದರೆ ಯಾವ ಮುಖಕ್ಕೂ ಒಪ್ಪಲ್ಲ. ತುರುಬು, ಪೋನಿಟೇಲ್ ಹಾಕುವಾಗ ಬ್ಯಾಂಗ್ಸ್ ಬೇರೆ ಮಾಡಿ ಕ್ಲಿಪ್ ಹಾಕಿಕೊಂಡು ಮೊದಲು ತುರುಬು ಮುಗಿಸಿ, ಕೊನೆಗೆ ಬಿಚ್ಚಿ ಇಳಿಸಿ. ಸಮಾರಂಭಕ್ಕೆ ಅಲೆ ಬೇಕಾದರೆ 4 ಸೆಂ.ಮೀ. ವೆಲ್ಕ್ರೋ ರೋಲರ್ ಒಂದೇ ಸಾಕು, ಮುಂದಕ್ಕೆ ಸುತ್ತಿ ಹತ್ತು ಹದಿನೈದು ನಿಮಿಷ.

ಎಡಬೈತಲೆ:
ತುಂಬಾ ಉಪಕಾರ ಆಯ್ತು. ಅಂಗೈ ತಳ್ಳಿ ನೋಡಿದೆ, ಬೈತಲೆ ಎಡಕ್ಕೇ ಬಂತು, ಆದ್ದರಿಂದ ಬೆಳೆಸೋದೇ ಸರಿ. ಎರಡು ಸಣ್ಣ ಪ್ರಶ್ನೆ. ಕನ್ನಡಕ ಇದೆ, ಬ್ಯಾಂಗ್ಸ್ ಫ್ರೇಮಿಗೆ ಸಿಕ್ಕಿಕೊಳ್ಳುತ್ತೆ. ಮತ್ತೆ ಬೆಳೆಯೋವರೆಗೆ ಪಿನ್ ಹಾಕಿದರೆ ಜಾರಿ ಬೀಳುತ್ತೆ.

ಹಣೆಯಂಚು:
ಕನ್ನಡಕ ತೆಗೆದಿಟ್ಟು ಒಣಗಿಸಿ, ಪೂರ್ತಿ ತಣ್ಣಗಾದ ಮೇಲೆ ಹಾಕಿ. ಬಿಸಿ ಇರುವಾಗಲೇ ಹಾಕಿದರೆ ಕಡ್ಡಿ ಒತ್ತಿದಲ್ಲಿ ಮಡಿಕೆ ಬೀಳುತ್ತೆ. ಉದ್ದ ತುದಿ ಫ್ರೇಮಿನ ಹೊರ ಅಂಚು ದಾಟಿ ಇಳಿಯೋ ಹಾಗಿದ್ದರೆ ಸಿಕ್ಕಿಕೊಳ್ಳಲ್ಲ. ಫ್ರೇಮಿನ ಮೇಲಂಚಿಗೆ ಸರಿಯಾಗಿ ಮುಗಿಯೋ ಉದ್ದವೇ ತಂಟೆ.

ಪಿನ್ ಜಾರೋದಕ್ಕೆ, ಅಲೆ ಅಲೆಯಾಗಿರೋ ಕಾಲು ತಲೆ ಕಡೆಗೆ, ನೇರ ಕಾಲು ಮೇಲಕ್ಕೆ ಬರಬೇಕು. ಹೆಚ್ಚಿನವರು ಉಲ್ಟಾ ಹಾಕ್ತಾರೆ. ಹಾಕೋ ಮೊದಲು ಪಿನ್ನಿಗೇ ಸ್ವಲ್ಪ ಹೇರ್ ಸ್ಪ್ರೇ ಹೊಡೆದರೆ ಹಿಡಿತ ಬರುತ್ತೆ. ಬ್ಯಾಂಗ್ಸನ್ನ ಎರಡು ಎಳೆ ಮಾಡಿ ಹಣೆ ಅಂಚಿನುದ್ದಕ್ಕೂ ಹಿಂದಕ್ಕೆ ಹೊಸೆದು ಕಿವಿ ಮೇಲೆ ಪಿನ್ ಮಾಡಿದರೂ ನಿಲ್ಲುತ್ತೆ. ಜಾಗ ಮಾತ್ರ ದಿನಾ ಬದಲಾಯಿಸಿ; ಒಂದೇ ಕಡೆ ಬಿಗಿಯಾಗಿ ಎಳೆದರೆ ಅಲ್ಲಿನ ಬುಡ ಸಡಿಲವಾಗಿ ಕೂದಲು ಉದುರುತ್ತೆ.