ಪ್ಯಾಲಡಿಯಂ ಮೇಲಿನ ಓಲೈಲಮೀನ್ ತೆಗೀಬೇಕಾ, ಬಿಡಬೇಕಾ?

ಪ್ರಶ್ನೆ: ಓಲೈಲಮೀನ್ (ಉದ್ದ ಸರಪಳಿಯ ಒಂದು ಅಮೀನ್) ಹೊದ್ದ ಪ್ಯಾಲಡಿಯಂ ನ್ಯಾನೋಕಣ ಮಾಡಿಕೊಂಡಿದ್ದೇನೆ. ಫಿನೈಲ್‌ಅಸಿಟಿಲೀನ್‌ಗೆ (ಇದೊಂದು ಆಲ್ಕೈನ್) ಹೈಡ್ರೋಜನ್ ಸೇರಿಸಿ ಸ್ಟೈರೀನ್ (ಇದು ಆಲ್ಕೀನ್) ಮಾಡಬೇಕು. ಒಂದು ಬ್ಯಾಚ್ ಚುರುಕು, ಇನ್ನೊಂದು ಮಿಸುಕುವುದೇ ಇಲ್ಲ. 300 ಡಿಗ್ರಿಯಲ್ಲಿ ಸುಟ್ಟು ಲಿಗ್ಯಾಂಡ್ (ಕಣ ಹೊದ್ದ ಅಣು, ಇಲ್ಲಿ ಓಲೈಲಮೀನ್) ತೆಗೆ ಅಂತ ಲ್ಯಾಬ್‌ನಲ್ಲಿ ಹೇಳುತ್ತಿದ್ದಾರೆ. ಮಾಡಿದವರು ಹೇಳಿ, ಪ್ಲೀಸ್.

ಉತ್ತರ: ಸುಡಬೇಡಮ್ಮ, ಸ್ವಲ್ಪ ತಡಿ. ನಾನು ಸುಟ್ಟು ಕೆಟ್ಟವಳು. ಆಮೇಲೆ ಟಿಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ) ನೋಡಿದರೆ ಕಣಗಳು ಒಂದಕ್ಕೊಂದು ಕೂಡಿ ದಪ್ಪಗಾಗಿದ್ದವು. ವೇಗ ಬದಲಾದದ್ದು ಲಿಗ್ಯಾಂಡ್ ಹೋದದ್ದಕ್ಕೋ, ಗಾತ್ರ ಬೆಳೆದದ್ದಕ್ಕೋ ಹೇಳಲಾಗಲಿಲ್ಲ. ಮೂರು ತಿಂಗಳ ಡೇಟಾ ಮೂಲೆ ಸೇರಿತು. ಬ್ಯಾಚ್‌ಗಳ ವ್ಯತ್ಯಾಸಕ್ಕೆ ಕಾರಣ ಕೊನೆಗೆ ಸಿಕ್ಕಿದ್ದು ವಾಶಿಂಗ್‌ನಲ್ಲಿ. ಎಥನಾಲ್ ಹಾಕಿ ಕಣಗಳನ್ನು ತಳಕ್ಕಿಳಿಸಿ ಹೆಕ್ಸೇನಿನಲ್ಲಿ ಮತ್ತೆ ಕರಗಿಸುವುದನ್ನು ಒಮ್ಮೆ ಎರಡು ಸಲ, ಇನ್ನೊಮ್ಮೆ ನಾಲ್ಕು ಸಲ ಮಾಡಿದ್ದೆ, ಬರೆದಿಟ್ಟಿರಲಿಲ್ಲ. ಎಷ್ಟು ಸಲ, ಎಷ್ಟು ಎಂಎಲ್ ಅಂತ ನೋಟ್‌ಬುಕ್ಕಿನಲ್ಲಿ ಬರಿ. ಪ್ರತಿ ಬ್ಯಾಚಿನದೂ ಸ್ವಲ್ಪ ಟಿಜಿಎಗೆ (ಕಾಯಿಸುತ್ತಾ ತೂಕ ಎಷ್ಟು ಇಳಿಯಿತು ಅಂತ ಅಳೆಯುವ ಪರೀಕ್ಷೆಗೆ) ಕೊಡು, ಎಷ್ಟು ಅಮೀನ್ ಉಳಿದಿದೆ ಅಂತ ತಿಳಿಯುತ್ತೆ.

ಇನ್ನೊಂದು ಮಾತು. ನಿನಗೆ ಬೇಕಾದ್ದು ಸ್ಟೈರೀನ್, ಹಾಗಾಗಿ ಆ ಅಮೀನ್ ನಿನ್ನ ಶತ್ರುವಲ್ಲ. ಆಲ್ಕೈನ್ ಲೋಹವನ್ನು ಗಟ್ಟಿಯಾಗಿ ಹಿಡಿಯುತ್ತೆ, ಆಲ್ಕೀನ್‌ನ ಹಿಡಿತ ಸಡಿಲ. ಮೇಲ್ಮೈಯಲ್ಲಿ ಅಮೀನ್ ಕೂತಿದ್ದರೆ ಸ್ಟೈರೀನ್‌ಗೆ ಅಲ್ಲಿ ನಿಲ್ಲಲು ಜಾಗ ಸಿಗದೆ, ಇನ್ನಷ್ಟು ಹೈಡ್ರೋಜನ್ ಸೇರಿ ಎಥೈಲ್‌ಬೆಂಜೀನ್ ಆಗುವ ಮೊದಲೇ ಕಳಚಿಕೊಳ್ಳುತ್ತೆ. 1952ರ ಲಿಂಡ್ಲಾರ್ ಅನ್ನುವ ಪ್ಯಾಲಡಿಯಂ ಕ್ಯಾಟಲಿಸ್ಟಿನಲ್ಲಿ (ವೇಗವರ್ಧಕದಲ್ಲಿ) ಸೀಸದ ಜೊತೆ ಕ್ವಿನೊಲಿನ್ (ಇದೂ ಸಾರಜನಕ ಇರುವ ಅಣು) ಹಾಕುವುದೂ ಲೋಹವನ್ನು ಹೀಗೆ ಹತೋಟಿಯಲ್ಲಿಡಲಿಕ್ಕೇ. ಎರಡು ಬ್ಯಾಚ್ ಹೋಲಿಸುವಾಗ ಒಂದೇ ಸಮಯಕ್ಕೆ ಹೋಲಿಸಬೇಡ, ಒಂದೇ ಕನ್ವರ್ಷನ್‌ಗೆ (ಆಲ್ಕೈನ್ ಎಷ್ಟು ಪಾಲು ಖರ್ಚಾಯಿತು ಅನ್ನುವ ಅಳತೆಗೆ) ಹೋಲಿಸು. ಆಲ್ಕೈನ್ ಮುಗಿದ ಮೇಲೂ ಜಿಸಿಗೆ (ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ, ಮಿಶ್ರಣದಲ್ಲಿ ಏನು ಎಷ್ಟಿದೆ ನೋಡಲು) ಸ್ಯಾಂಪಲ್ ತೆಗೀತಾ ಇರು. ಕ್ಯಾಟಲಿಸ್ಟಿನ ನಿಜವಾದ ಗುಣ, ಅಂದರೆ ಸ್ಟೈರೀನನ್ನು ಹಾಗೇ ಬಿಡುತ್ತಾ ಅನ್ನೋದು, ತಿಳಿಯುವುದು ಆಗಲೇ.

ಉತ್ತರ: ಮೇಡಂ ಹೇಳಿದ್ದಕ್ಕೆ ನನ್ನದೂ ಒಂದಿಷ್ಟು. ನಾನು ಥಯಾಲ್ (ಗಂಧಕ ಇರುವ ಲಿಗ್ಯಾಂಡ್) ಜೊತೆ ಕೆಲಸ ಮಾಡಿದವನು. ಗಂಧಕ ಅಂದರೆ ಲೋಹಕ್ಕೆ ವಿಷ ಅಂತಲೇ ಕಲಿತಿರುತ್ತೇವೆ. ಆದರೆ 2010ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ಮೆಡ್ಲಿನ್ ತಂಡ ಪ್ಯಾಲಡಿಯಂಗೆ ಆಲ್ಕೇನ್‌ಥಯಾಲ್ ಹೊದಿಸಿ, ಎಪಾಕ್ಸಿಬ್ಯುಟೀನ್‌ನಿಂದ ಎಪಾಕ್ಸಿಬ್ಯುಟೇನ್ ಸಿಗುವ ಸೆಲೆಕ್ಟಿವಿಟಿಯನ್ನು (ಉತ್ಪನ್ನದಲ್ಲಿ ಬೇಕಾದ್ದರ ಪಾಲನ್ನು) ಶೇ. 11ರಿಂದ 94ಕ್ಕೆ ಏರಿಸಿತು. ಅದನ್ನು ಓದಿದ ಮೇಲೆ 'ಕ್ಲೀನ್ ಸರ್ಫೇಸ್' ಅನ್ನುವ ಹಟ ನನಗೆ ಹೋಯಿತು. ಆದರೆ ಥಯಾಲ್ ಹೊದ್ದದ್ದನ್ನು ಮಾತ್ರ ಸುಡಲೇಬೇಡಿ: ಇಂಗಾಲ ಹೋಗುತ್ತೆ, ಗಂಧಕ ಅಲ್ಲೇ ಕೂರುತ್ತೆ.

ಉತ್ತರ: ಪಿವಿಪಿ (ಕಣಕ್ಕೆ ಹೊದಿಸುವ ಒಂದು ಪಾಲಿಮರ್) ಬಳಸುವವರಿಗೆ: ಅಸಿಟೋನ್ ಹಾಕಿ ಇಳಿಸುವಾಗ ಅತಿಯಾಗಿ ತೊಳೆದರೆ ಕಣಗಳು ಗಂಟು ಕಟ್ಟುತ್ತವೆ, ಮತ್ತೆ ಬಿಡಿಸಿಕೊಳ್ಳುವುದಿಲ್ಲ.

ತಂಗಿ, ಒಂದು ವಿಷಯ ಮರೀಬೇಡ. ಹೈಡ್ರೋಜನ್ ಕುಡಿದ ಪ್ಯಾಲಡಿಯಂ ಒಣಗಿದರೆ ಗಾಳಿಗೇ ಹೊತ್ತಿಕೊಳ್ಳುತ್ತೆ. ಮೊದಲು ನೈಟ್ರೋಜನ್ ಹಾಯಿಸಿ ಹೈಡ್ರೋಜನ್ ಓಡಿಸು, ಆಮೇಲೆ ಸೋಸು, ಫಿಲ್ಟರ್ ಪೇಪರ್ ಒದ್ದೆಯಾಗಿಯೇ ಇರಲಿ. ನಮ್ಮ ಲ್ಯಾಬ್‌ನಲ್ಲಿ ಒಬ್ಬ ಹುಡುಗನ ಕೈ ಸುಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ.