ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್ ಎಕ್ಸ್‌ಪಿ: ಸ್ಥಾಪನೆ ಆರಂಭವಾಗುತ್ತಲೇ ನೀಲಿ ಪರದೆ, 7ಬಿ

ಮೊಳೆಜೋಡಣೆ:
ನಮ್ಮ ಮುದ್ರಣಾಲಯದಲ್ಲಿ ಪೇಜ್‌ಮೇಕರ್ 7ರಲ್ಲಿ ನುಡಿ ಫಾಂಟ್ ಬಳಸಿ ಪುಟ ಕಟ್ಟಿದ ಪುಸ್ತಕಗಳ ಕಡತಗಳು ರಾಶಿ ಬಿದ್ದಿವೆ. ಅವುಗಳಲ್ಲೊಂದು ಈಗ ಮರುಮುದ್ರಣಕ್ಕೆ ಬಂದಿದೆ. ಹಳೆಯ ಗಣಕದ ಮದರ್‌ಬೋರ್ಡ್ ಕೈಕೊಟ್ಟಿದೆ. ಅದರ ಎಕ್ಸ್‌ಪಿ ಸಿಡಿ ಮತ್ತು ಕೀಲಿ ಸಂಖ್ಯೆ ಭದ್ರವಾಗಿವೆ. ವಿಂಡೋಸ್ 11 ಇರುವ ಲ್ಯಾಪ್‌ಟಾಪಿನಲ್ಲಿ ಗಣಕದೊಳಗೇ ಇನ್ನೊಂದು ತೋರಿಕೆಯ ಗಣಕವನ್ನು ನಡೆಸುವ ವರ್ಚುವಲ್‌ಬಾಕ್ಸ್ 7 ಹಾಕಿ, ಸಿಡಿಯಿಂದ ತೆಗೆದ ಐಎಸ್ಒ ಕಡತದಿಂದ (ಸಿಡಿಯ ಯಥಾಪ್ರತಿ) ಬೂಟ್ ಮಾಡಿದೆ. ಚಾಲಕಗಳೆಲ್ಲ ಲೋಡ್ ಆಗಿ, ವಿಂಡೋಸ್ ಶುರುವಾಗುತ್ತಿದೆ ಎಂಬ ಸಾಲು ಕಂಡ ಕೂಡಲೇ ನೀಲಿ ಪರದೆ. ಸೊನ್ನೆಗಳ ಸಾಲಿನ ಕೊನೆಗೆ 7ಬಿ ಎಂದಿದೆ. 4 ಜಿಬಿ ರ‍್ಯಾಮ್ ಕೊಟ್ಟಿದ್ದೇನೆ. ಐಎಸ್ಒ ಕೆಟ್ಟಿದೆಯೇ?

ಕಪ್ಪುತೆರೆ:
ಐಎಸ್ಒ ಕೆಟ್ಟಿದ್ದರೆ ಅಷ್ಟು ದೂರವೂ ಬರುತ್ತಿರಲಿಲ್ಲ. 7ಬಿ ಎಂದರೆ ಬೂಟ್ ಆಗಬೇಕಾದ ಡಿಸ್ಕ್ ಸಿಗುತ್ತಿಲ್ಲ ಎಂದರ್ಥ. ಯಂತ್ರವನ್ನು ಸೃಷ್ಟಿಸುವಾಗ ಆವೃತ್ತಿಯ ಪಟ್ಟಿಯಲ್ಲಿ ಏನನ್ನು ಆರಿಸಿದ್ದಿರಿ?

ಮೊಳೆಜೋಡಣೆ:
ವಿಂಡೋಸ್ 10 ಎಂದು. ಬರಿಯ ಹೆಸರು ತಾನೆ?

ಕಪ್ಪುತೆರೆ:
ಬರಿಯ ಹೆಸರಲ್ಲ. ಆ ಪಟ್ಟಿಯಲ್ಲಿ ಏನನ್ನು ಆರಿಸುತ್ತೀರೋ ಅದಕ್ಕೆ ತಕ್ಕ ಯಂತ್ರಾಂಶವನ್ನು ವರ್ಚುವಲ್‌ಬಾಕ್ಸ್ ಜೋಡಿಸಿಕೊಡುತ್ತದೆ. ವಿಂಡೋಸ್ 10 ಎಂದರೆ ಡಿಸ್ಕ್ ಮತ್ತು ಸಿಡಿ ಎರಡೂ ಸಾಟಾ ನಿಯಂತ್ರಕಕ್ಕೆ (ಡಿಸ್ಕನ್ನು ಗಣಕಕ್ಕೆ ಜೋಡಿಸುವ ಹೊಸ ಬಗೆ) ಹೋಗುತ್ತವೆ. 2001ರಲ್ಲಿ ಬಂದ ಎಕ್ಸ್‌ಪಿಯ ಸಿಡಿಯಲ್ಲಿ ಅದಕ್ಕೆ ಬೇಕಾದ ಎಎಚ್‌ಸಿಐ ಚಾಲಕವೇ ಇಲ್ಲ. ಎಫ್6 ಒತ್ತಿ ಫ್ಲಾಪಿಯಿಂದ ಚಾಲಕ ಉಣಿಸುವ ಹಳೆಯ ವಿದ್ಯೆಯೊಂದಿದೆ, ಇಲ್ಲಿ ಆ ರಗಳೆ ಬೇಡ.

ಯಂತ್ರವನ್ನು ಆಫ್ ಮಾಡಿ, ಸಂಯೋಜನೆಯ ಸ್ಟೋರೇಜ್ ವಿಭಾಗದಲ್ಲಿ ಸಾಟಾ ನಿಯಂತ್ರಕವನ್ನು ತೆಗೆದು ಹಳೆಯ ಬಗೆಯ ಐಡಿಇ ನಿಯಂತ್ರಕವನ್ನು ಸೇರಿಸಿ. ಬಗೆ ಪಿಐಐಎಕ್ಸ್4 ಇರಲಿ. ಅದೇ ವಿಡಿಐ ಕಡತವನ್ನೂ (ಅದೇ ಯಂತ್ರದ ಡಿಸ್ಕ್) ಐಎಸ್ಒವನ್ನೂ ಅದಕ್ಕೆ ತಗುಲಿಸಿ. ಆವೃತ್ತಿಯನ್ನು 32 ಬಿಟ್‌ನ ಎಕ್ಸ್‌ಪಿ ಎಂದು ತಿದ್ದಿ. ರ‍್ಯಾಮ್ 512 ಎಂಬಿ ಧಾರಾಳ. ಇದೆಲ್ಲ ಸ್ಥಾಪನೆಗೆ ಮುಂಚೆಯೇ ಆಗಬೇಕು. ಎಕ್ಸ್‌ಪಿ ನೆಲೆಯೂರಿದ ಮೇಲೆ ನಿಯಂತ್ರಕ ಬದಲಿಸಿದರೆ ಮತ್ತೆ 7ಬಿ ಬರುತ್ತದೆ. ಐ/ಒ ಎಪಿಐಸಿ (ಯಂತ್ರಾಂಶದ ಕರೆಗಳನ್ನು ಪ್ರೊಸೆಸರಿಗೆ ತಲುಪಿಸುವ ಭಾಗ) ಆಯ್ಕೆಯನ್ನು ಆನ್ ಇಟ್ಟು ಸ್ಥಾಪಿಸಿದರೆ ಮುಂದೆ ಅದನ್ನೂ ಆಫ್ ಮಾಡಬೇಡಿ.

ಮೊಳೆಜೋಡಣೆ:
ನೀಲಿ ಪರದೆ ಹೋಯಿತು! ಡಿಸ್ಕ್ ಫಾರ್ಮ್ಯಾಟ್ ಆಯಿತು, ಕಡತಗಳ ನಕಲು ಮುಗಿಯಿತು, ಮರುಬೂಟ್ ಆಯಿತು. ಆದರೆ ಸ್ಥಾಪನೆ ಮತ್ತೆ ಮೊದಲಿನಿಂದಲೇ ಶುರುವಾಗುತ್ತಿದೆ. ಜೊತೆಗೆ ಎಲ್ಲವೂ ವಿಪರೀತ ನಿಧಾನ, ಕೆಳಗೆ ಹಸಿರು ಆಮೆಯ ಚಿತ್ರ ಕಾಣುತ್ತಿದೆ.

ಕಪ್ಪುತೆರೆ:
ಸಿಡಿಯಿಂದ ಬೂಟ್ ಆಗಲು ಯಾವುದಾದರೂ ಕೀಲಿ ಒತ್ತಿ ಎಂಬ ಸಾಲು ಎರಡನೆಯ ಸಲ ಬಂದಾಗ ಕೈಕಟ್ಟಿ ಕುಳಿತಿರಿ. ಡಿಸ್ಕಿನಿಂದ ತಾನೇ ಮುಂದುವರಿಯುತ್ತದೆ. ಐಎಸ್ಒವನ್ನು ಮಾತ್ರ ಕೀಳಬೇಡಿ, ಚಿತ್ರರೂಪದ ಹಂತಕ್ಕೂ ಅದು ಬೇಕು.

ಆಮೆ ಕಂಡರೆ, ಪ್ರೊಸೆಸರಿನ ವರ್ಚುವಲೀಕರಣ ಸೌಲಭ್ಯವನ್ನು ವಿಂಡೋಸಿನದೇ ವರ್ಚುವಲೀಕರಣ ತಂತ್ರಾಂಶವಾದ ಹೈಪರ್-ವಿ ಮೊದಲೇ ಹಿಡಿದುಕೊಂಡಿದೆ ಎಂದು ತಿಳಿಯಿರಿ. ವರ್ಚುವಲ್‌ಬಾಕ್ಸ್ ಅದರ ಮೂಲಕವೇ ಹಾದುಹೋಗಬೇಕು. ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್‌ನಲ್ಲಿ ಮೆಮೊರಿ ಇಂಟೆಗ್ರಿಟಿಯನ್ನು ಆಫ್ ಮಾಡಿ, ವಿಂಡೋಸ್ ವೈಶಿಷ್ಟ್ಯಗಳ ಪಟ್ಟಿಯಲ್ಲಿ ಹೈಪರ್-ವಿ, ವರ್ಚುವಲ್ ಮಷಿನ್ ಪ್ಲಾಟ್‌ಫಾರ್ಮ್‌ಗಳ ಗುರುತು ತೆಗೆದು ಲ್ಯಾಪ್‌ಟಾಪನ್ನು ಮರುಬೂಟ್ ಮಾಡಿ.

ಮೂರನೆಯ ಪುಟ:
ಇಲ್ಲಿ ನನ್ನ ತಕರಾರಿದೆ. ಮೆಮೊರಿ ಇಂಟೆಗ್ರಿಟಿ ಇರುವುದು ಲ್ಯಾಪ್‌ಟಾಪಿನ ರಕ್ಷಣೆಗೆ. ಅದೇ ಲ್ಯಾಪ್‌ಟಾಪಿನಲ್ಲಿ ಬ್ಯಾಂಕ್ ವ್ಯವಹಾರವೂ ನಡೆಯುತ್ತಿದ್ದರೆ, ಒಂದು ಪುಸ್ತಕಕ್ಕಾಗಿ ಅದನ್ನು ತೆಗೆಯಬೇಡಿ. ಆಮೆಯೊಂದಿಗೇ ಕೆಲಸ ಮುಗಿಸಿ. ಪುಟ ತೆರೆದು ಪಿಡಿಎಫ್ ಮಾಡಲು ಅಷ್ಟು ವೇಗ ಸಾಕು.

ಕಪ್ಪುತೆರೆ:
ಒಪ್ಪಿದೆ. ತೆಗೆದರೂ ಕೆಲಸವಾದ ಮೇಲೆ ಮರಳಿ ಹಾಕಿ. ಹಾಗೆಯೇ ಎಕ್ಸ್‌ಪಿಗೆ ಅಂತರಜಾಲವನ್ನೂ ಕೊಡಬೇಡಿ. 2014ರ ಏಪ್ರಿಲ್ 8ರಿಂದ ಅದಕ್ಕೆ ಬೆಂಬಲವಿಲ್ಲ. ನೆಟ್‌ವರ್ಕ್ ಅಡಾಪ್ಟರನ್ನು ಆಫ್ ಮಾಡಿ, ಕಡತಗಳನ್ನು ಐಎಸ್ಒ ಮಾಡಿ ಒಳಗೆ ಕಳುಹಿಸಿ, ಇಲ್ಲವೇ ಗೆಸ್ಟ್ ಅಡಿಶನ್ಸ್ (ಎಕ್ಸ್‌ಪಿಯೊಳಗೆ ಹಾಕುವ ವರ್ಚುವಲ್‌ಬಾಕ್ಸ್‌ನ ಚಾಲಕಗಳು) ಹಾಕಿ ಹಂಚಿದ ಫೋಲ್ಡರ್ ಬಳಸಿ.

ಮೊಳೆಜೋಡಣೆ:
ಆಮೆಯನ್ನು ಇರಲು ಬಿಟ್ಟೆ. ಎಕ್ಸ್‌ಪಿ ಎದ್ದಿದೆ, ಪೇಜ್‌ಮೇಕರ್ ಕಡತ ತೆರೆದಿದೆ, ನುಡಿ ಅಕ್ಷರಗಳು ಸರಿಯಾಗಿವೆ. ಪಿಡಿಎಫ್ ಹೇಗೆ?

ಮೂರನೆಯ ಪುಟ:
ಎಕ್ಸ್‌ಪಿಯಲ್ಲೇ ಇರುವ ಯಾವುದಾದರೂ ಪೋಸ್ಟ್‌ಸ್ಕ್ರಿಪ್ಟ್ (ಪುಟವನ್ನು ವಿವರಿಸುವ ಭಾಷೆ) ಮುದ್ರಕದ ಚಾಲಕವನ್ನು ಹಾಕಿ, ಅದರ ಪೋರ್ಟನ್ನು ಫೈಲ್ ಎಂದು ಆರಿಸಿ. ಮುದ್ರಕದ ಆಯ್ಕೆಗಳಲ್ಲಿ ಟ್ರೂಟೈಪ್ ಫಾಂಟ್‌ಗಳನ್ನು ಮುದ್ರಕದ ಫಾಂಟಿನಿಂದ ಬದಲಿಸದೆ, ಸಾಫ್ಟ್‌ಫಾಂಟ್ ಆಗಿ, ಅಂದರೆ ಕಡತದೊಳಗೇ ಸೇರಿಸಿ, ಕಳುಹಿಸುವಂತೆ ಮಾಡಿ. ಇದನ್ನು ಮರೆತರೆ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರಗಳ ಕಿಚಡಿ ಬರಬಹುದು. ಆ ಕಡತವನ್ನು ಹೊರಗೆ ತಂದು ಗೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶದಿಂದ ಪಿಡಿಎಫ್ ಮಾಡಿ.

ಮರುಮುದ್ರಣಕ್ಕೆ ಇಷ್ಟು ಸಾಕು. ಇ-ಪುಸ್ತಕವೂ ಬೇಕೆಂದರೆ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಹಳೆಯ ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮುಂಚೆ ಬರಬೇಕು. ಪರಿವರ್ತಕಗಳು ಎಡವುವುದು ಅಲ್ಲಿಯೇ. ಸೂರ್ಯ, ಕಾರ್ಯ, ಧರ್ಮದಂತಹ ಪದಗಳನ್ನು ಹುಡುಕಿ ಮೊದಲು ಪರೀಕ್ಷಿಸಿ.

ಕಪ್ಪುತೆರೆ:
ಯಂತ್ರವನ್ನು ಆಫ್ ಮಾಡಿದ ಮೇಲೆ ಒವಿಎ ಕಡತವಾಗಿ (ಇಡೀ ಯಂತ್ರ ಒಂದೇ ಕಡತದಲ್ಲಿ) ರಫ್ತು ಮಾಡಿ ಬೇರೆ ಡಿಸ್ಕಿನಲ್ಲೂ ಒಂದು ಪ್ರತಿ ಇಡಿ. ಸ್ನ್ಯಾಪ್‌ಶಾಟ್ (ಯಂತ್ರದ ಆ ಕ್ಷಣದ ಸ್ಥಿತಿಯ ಉಳಿಕೆ) ಅದೇ ಲ್ಯಾಪ್‌ಟಾಪಿನಲ್ಲಿ ಇರುವುದರಿಂದ ಅದನ್ನು ಬ್ಯಾಕಪ್ ಎಂದು ನಂಬಬೇಡಿ.