ಓಡದ ಕಾರಿಗೆ ‘ಸವಕಳಿ’ ಅನ್ನಬಹುದೇ?

ಬಲ್ಲವರಲ್ಲಿ ಒಂದು ಪದದ ಬಗ್ಗೆ ಕೇಳುವುದಿದೆ. ಡಿಪ್ರಿಸಿಯೇಷನ್, ಅಂದರೆ ವಸ್ತು ಹಳೆಯದಾದಂತೆ ಅದರ ಬೆಲೆಯಲ್ಲಿ ಕಳೆಯುತ್ತಾ ಹೋಗುವ ಲೆಕ್ಕ; ಅದಕ್ಕೆ ಹದಿನಾಲ್ಕು ವರ್ಷದಿಂದ ‘ಸವಕಳಿ’ ಅಂತಲೇ ಬರೆಯುತ್ತಿದ್ದೇನೆ. ದಾವಣಗೆರೆಯಲ್ಲಿ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಲಾರಿ ಮಾಲೀಕರು, ಮೆಕ್ಕೆಜೋಳದ ವ್ಯಾಪಾರಿಗಳು, ಚನ್ನಗಿರಿ ಕಡೆಯ ಅಡಿಕೆಯವರು ಬರುತ್ತಾರೆ. ಅವರಿಗೆ ಕನ್ನಡದಲ್ಲೇ ತಿಳಿಸಿ ಹೇಳಬೇಕು ಅನ್ನುವುದು ನನ್ನ ಹಟ. ಇಷ್ಟು ದಿನ ಈ ಪದದ ಮೇಲೆ ಅನುಮಾನ ಬಂದಿರಲಿಲ್ಲ. ಹೋದ ತಿಂಗಳು ಸೋದರಮಾವನ ಮನೆಯ ಅಂಗಳದಲ್ಲಿ ಬಂತು.

ಮಾವ ನಿವೃತ್ತ ಮೇಷ್ಟ್ರು. 2022ರಲ್ಲಿ ಕಾರು ಕೊಂಡರು. ಷೋರೂಂ ಬೆಲೆ 8 ಲಕ್ಷ; ಜೀವಾವಧಿ ತೆರಿಗೆ, ವಿಮೆ ಎಲ್ಲ ಸೇರಿ ಒಂಬತ್ತೂವರೆ ದಾಟಿತ್ತು. ಅತ್ತೆಗೆ ಮಂಡಿನೋವು ಶುರುವಾದ ಮೇಲೆ ದೂರದ ಓಡಾಟ ನಿಂತು, ಗಾಡಿ ಬೇವಿನ ಮರದ ಕೆಳಗೆ ನಿಂತೇ ಇತ್ತು. ಮೂರು ವರ್ಷಕ್ಕೆ ಓಡಿದ್ದು 11,000 ಕಿಲೋಮೀಟರ್. ಮಾರೋಣ ಅಂತ ದಲ್ಲಾಳಿಯೊಬ್ಬನನ್ನು ಕರೆಸಿದರು. ಆತ ಎಂಜಿನ್ ನೋಡಿದ್ದು ಆಮೇಲೆ. ಮೊದಲು ಮುಂದಿನ ಟೈರ್ ಹತ್ತಿರ ಕುಕ್ಕರುಗಾಲಲ್ಲಿ ಕೂತ, ಪಕ್ಕದ ಧೂಳನ್ನು ಹೆಬ್ಬೆರಳಲ್ಲಿ ಒರೆಸಿದ, ಅಲ್ಲಿದ್ದ ನಾಲ್ಕು ಅಂಕಿ ಓದಿದ: 1022. ಅಂದರೆ 2022ನೇ ಇಸವಿಯ ಹತ್ತನೇ ವಾರ ತಯಾರಾದ ಟೈರ್. ನೆಲಕ್ಕೆ ತಾಗುವ ಬಟನ್ ಹೊಸದರ ಹಾಗೇ ಇತ್ತು. ಆದರೆ ಪಕ್ಕದ ರಬ್ಬರಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಎದ್ದಿದ್ದವು.

“ಯಜಮಾನ್ರೆ, ಗಾಡಿ ಓಡಿಲ್ಲ, ಒಪ್ಕಂತೀನಿ. ಆದ್ರೆ ಮೂರು ವರ್ಷ ಆಗೈತಲ್ಲ, ಡಿಪ್ರಿಸಿಯೇಷನ್ ಹೋಗ್ಲೇಬೇಕು. ನಾಲ್ಕೂಮುಕ್ಕಾಲು ಕೊಡಿಸ್ತೀನಿ” ಅಂದ.

ಮಾವ ನನ್ನ ಮುಖ ನೋಡಿದರು. “ಸವಕಳಿ ಮಾವ, ವರ್ಷ ವರ್ಷ ಕಳೀತಾರೆ” ಅಂತ ಹೇಳಿದೆ.

“ಏನವ್ವಾ, ಗಾಡಿ ಓಡಿಲ್ಲ ಅಂತ ಅವನೇ ಹೇಳ್ತಾನೆ. ಸವೆಯದೇ ಇರೋದಕ್ಕೆ ಸವಕಳಿ ಎಲ್ಲಿಂದ ಬಂತು?”

ನನಗೆ ಉತ್ತರ ಹೊಳೆಯಲಿಲ್ಲ. ದಲ್ಲಾಳಿಯ ಇಂಗ್ಲಿಷ್ ಪದವನ್ನು ಮಾವ ಒಪ್ಪಿಕೊಂಡುಬಿಡುತ್ತಿದ್ದರೇನೋ. ನನ್ನ ಕನ್ನಡ ಪದ ಅರ್ಥವಾಗಿದ್ದರಿಂದಲೇ ಅದನ್ನು ಪ್ರಶ್ನಿಸಿದರು. ಅದು ಒಳ್ಳೆಯದೇ. ಆದರೆ ಪ್ರಶ್ನೆ ಉಳಿಯಿತು.

‘ಸವೆ’ ಅಂದೊಡನೆ ನಮಗೆ ಕಾಣುವುದು ಉಜ್ಜಾಟ. ಚಪ್ಪಲಿ ಸವೆಯುತ್ತದೆ, ಕುಡುಗೋಲಿನ ಅಲಗು ಸವೆಯುತ್ತದೆ, ನಾಣ್ಯ ಸವಕಲಾಗುತ್ತದೆ. ಮಣ್ಣಿನ ಸವಕಳಿಯಲ್ಲೂ ನೀರು ನೆಲವನ್ನು ತಿಕ್ಕಿಕೊಂಡೇ ಹೋಗುತ್ತದೆ. ನಮ್ಮದು ಹತ್ತಿ ಗಿರಣಿಗಳ ಊರು. ಗಿರಣಿಯಲ್ಲಿ ದುಡಿದ ಹಿರಿಯರ ಬಾಯಲ್ಲಿ ಸವೆತ ಅಂದರೆ ಯಂತ್ರದ ಭಾಗ ತೆಳುವಾಗುವುದು, ಬೇರೇನೂ ಅಲ್ಲ. ಬೆಲೆಯ ಮಾತು ಅದರೊಳಗೆ ತಾನಾಗಿ ಬರುವುದಿಲ್ಲ. ಚಿತ್ರದುರ್ಗದ ಕೋಟೆಯಲ್ಲಿ ತುಳಿದು ತುಳಿದು ನುಣುಪಾದ ಮೆಟ್ಟಿಲುಗಳಿವೆ. ಅವು ಸವೆದಿವೆ, ಹಾಗಂತ ಬೆಲೆ ಕಳೆದುಕೊಂಡಿವೆ ಅಂತ ಯಾರೂ ಹೇಳುವುದಿಲ್ಲ. ಮಾವನ ಕಾರಿನದು ಇದರ ತಿರುಗುಮುರುಗು.

ನೆರೆಯವರು ಏನಂತಾರೆ ಅಂತ ನೋಡಿದೆ. ತಮಿಳಿನಲ್ಲಿ ‘ತೇಯ್‌ಮಾನಂ’, ನಮ್ಮ ಗಂಧ ತೇಯುವ ‘ತೇಯ್’ ಅದೇ. ಮರಾಠಿಯ ‘ಘಸಾರಾ’ ಕೂಡ ಉಜ್ಜುವುದರಿಂದಲೇ ಬಂದದ್ದು. ತೆಲುಗಿನ ‘ತರುಗುದಲ’ ಬೇರೆ: ಕಡಿಮೆಯಾಗುವುದು ಅಂತಷ್ಟೇ ಹೇಳುತ್ತದೆ, ಹೇಗೆ ಅಂತ ಹೇಳುವುದಿಲ್ಲ. ಹಿಂದಿಯವರು ‘ಮೂಲ್ಯಹ್ರಾಸ’ ಅಂತ ನೇರ ಬೆಲೆಗೇ ಕೈಹಾಕಿದ್ದಾರೆ. ನಮ್ಮ ಬಂಗಾರದಂಗಡಿಗಳಲ್ಲೂ ‘ತೇಮಾನ’ ಇದೆ, ಆದರೆ ಅದು ತೂಕದಲ್ಲಿ ಹೋಗುವುದು, ಗ್ರಾಮಿನ ಮಾತು. ಕಾರಿಗೆ ಹೊಂದುವುದಿಲ್ಲ. ‘ಅಪಮೌಲ್ಯ’ ಅಂತ ಒಬ್ಬ ಗೆಳತಿ ಸೂಚಿಸಿದಳು. ಅದನ್ನು ನಾನು ಒಪ್ಪುವುದಿಲ್ಲ. 1966ರಲ್ಲಿ, ಮತ್ತೆ 1991ರಲ್ಲಿ ರೂಪಾಯಿಯ ಬೆಲೆಯನ್ನು ಸರ್ಕಾರವೇ ತೀರ್ಮಾನ ಮಾಡಿ ಇಳಿಸಿದ್ದು ಅಪಮೌಲ್ಯ. ಕಾರಿನ ಬೆಲೆಯನ್ನು ಯಾರೂ ಆಜ್ಞೆ ಹೊರಡಿಸಿ ಇಳಿಸುವುದಿಲ್ಲ.

ಆಮೇಲೆ ಇನ್ನೊಂದು ಹೊಳೆಯಿತು. ‘ಮಾತಾಡ್ತಾ ದಾರಿ ಸವೆದದ್ದೇ ಗೊತ್ತಾಗಲಿಲ್ಲ’ ಅನ್ನುತ್ತೇವೆ. ‘ಇದೇ ಮನೆಯಲ್ಲಿ ಆಯಸ್ಸು ಸವೆಸಿದೆ’ ಅನ್ನುತ್ತೇವೆ. ಇಲ್ಲಿ ಉಜ್ಜುವುದೇನೂ ಇಲ್ಲ. ಅಳತೆಯುಳ್ಳ ಒಂದು ವಸ್ತು ಖರ್ಚಾಗುತ್ತಾ ಬರುತ್ತಿದೆ, ಅಷ್ಟೇ. ಹಾಗಾದರೆ ನಿಂತ ಕಾರಿನಲ್ಲಿ ಸವೆದದ್ದು ಟೈರಲ್ಲ, ಅದರ ಆಯಸ್ಸು. ಖಾಸಗಿ ಕಾರಿಗೆ ನೋಂದಣಿ ಸಿಗುವುದೇ 15 ವರ್ಷಕ್ಕೆ, ಅದರಲ್ಲಿ ಮೂರು ಕಳೆದಿವೆ. ಗಾಡಿ ವ್ಯಾಪಾರದವರ ಮೊದಲ ಪ್ರಶ್ನೆಯೂ ‘ಎಷ್ಟನೇ ಮಾಡೆಲ್?’ ಅಂತಲೇ. ಈ ‘ಮಾಡೆಲ್’ ಗಾಡಿಯ ಮಾದರಿಯಲ್ಲ, ಇಸವಿ! ಎಷ್ಟು ಓಡಿದೆ ಅನ್ನುವುದು ಎರಡನೆಯ ಪ್ರಶ್ನೆ. ಡಿಸೆಂಬರಿನಲ್ಲಿ ತಯಾರಾದ ಗಾಡಿಯನ್ನು ಜನವರಿಯಲ್ಲಿ ನೋಂದಾಯಿಸಿದರೂ, ಮಾರುವ ದಿನ ಹಿಂದಿನ ವರ್ಷದ ಮಾಡೆಲ್ ಅಂತಲೇ ಬೆಲೆ ಕಟ್ಟುತ್ತಾರೆ. ತಯಾರಾದ ತಿಂಗಳು ಆರ್‌ಸಿಯಲ್ಲೇ, ಅಂದರೆ ನೋಂದಣಿ ಪತ್ರದಲ್ಲೇ, ಇರುತ್ತದೆ.

ಹೀಗಾಗಿ ‘ಸವಕಳಿ’ಯನ್ನು ಬಿಡಬೇಕಿಲ್ಲ ಅನ್ನುವ ಕಡೆಗೆ ನನ್ನ ಮನಸ್ಸು ವಾಲಿದೆ. ತೊಡಕು ಆ ಪದದಲ್ಲಿಲ್ಲ, ಅದನ್ನು ಒಂಟಿಯಾಗಿ ಬಿಡುವುದರಲ್ಲಿದೆ. ಯಾವುದರ ಸವಕಳಿ, ಯಾವುದರ ಮೇಲೆ ಲೆಕ್ಕ ಅಂತ ಹೇಳದಿದ್ದರೆ ಒಂದೇ ಪದಕ್ಕೆ ಮೂರು ನಾಲ್ಕು ಮೊತ್ತ ಬರುತ್ತವೆ. ಮಾವನಿಗೆ ಹಾಳೆಯ ಮೇಲೆ ಬರೆದು ತೋರಿಸಿದ್ದು ಇದನ್ನೇ.

8 ಲಕ್ಷದ ಕಾರು. ಕಂಪನಿಗಳ ಲೆಕ್ಕದಲ್ಲಿ ಕಾರಿನ ಆಯಸ್ಸು 8 ವರ್ಷ, ಕೊನೆಗೆ ಉಳಿಯುವುದು ಶೇ 5, ಅಂದರೆ 40,000. ಮಿಕ್ಕ 7,60,000ವನ್ನು ಸಮನಾಗಿ ಹಂಚಿದರೆ ವರ್ಷಕ್ಕೆ 95,000. ಮೂರು ವರ್ಷಕ್ಕೆ ಕಾರು 5,15,000ಕ್ಕೆ ನಿಲ್ಲುತ್ತದೆ. ಆದಾಯ ತೆರಿಗೆಯಲ್ಲಿ ವ್ಯವಹಾರಕ್ಕೆ ಇಟ್ಟುಕೊಂಡ ಕಾರಿಗೆ ಸಾಮಾನ್ಯವಾಗಿ ಶೇ 15 (ಬಾಡಿಗೆಗೆ ಓಡುವ ಲಾರಿ, ಟ್ಯಾಕ್ಸಿಗೆ ಶೇ 30). ಆದರೆ ಅದು ಕೊಂಡ ಬೆಲೆಯ ಮೇಲಲ್ಲ, ಉಳಿದ ಬೆಲೆಯ ಮೇಲೆ: ಮೊದಲ ವರ್ಷ 1,20,000, ಎರಡನೆಯ ವರ್ಷ 1,02,000, ಮೂರನೆಯ ವರ್ಷ 86,700. ಉಳಿದದ್ದು 4,91,300. ಇನ್ನು ವಿಮೆಯವರ ಕೋಷ್ಟಕ. ಅಲ್ಲಿ ಗಾಡಿಯ ವಯಸ್ಸು ನೋಡಿ ಬೆಲೆಯಲ್ಲಿ ಒಟ್ಟು ಕಳೆಯುವುದು ಆರು ತಿಂಗಳವರೆಗೆ ಶೇ 5, ವರ್ಷದೊಳಗೆ 15, ಎರಡರೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಆಚೆಗೆ ವಿಮೆಯವರೂ ಮಾಲೀಕರೂ ಮಾತಾಡಿಕೊಂಡಂತೆ. ಮಾವನ ಗಾಡಿ ನಾಲ್ಕನೆಯ ವರ್ಷದಲ್ಲಿದೆ, ಹಾಗಾಗಿ 4,80,000. ದಲ್ಲಾಳಿ ಹೇಳಿದ್ದು 4,75,000. ಮಾವನ ಮನಸ್ಸಿನಲ್ಲಿದ್ದದ್ದು ಮಾತ್ರ ಒಂಬತ್ತೂವರೆ. ಕಟ್ಟಿದ ತೆರಿಗೆಯನ್ನೂ ಅವರು ಕಾರಿನ ಬೆಲೆಗೆ ಸೇರಿಸಿಕೊಂಡಿದ್ದರು. ಇದನ್ನು ಬಿಡಿಸಿ ಹೇಳಿದಾಗ ಅರ್ಧ ಸಿಟ್ಟು ಇಳಿಯಿತು.

ನೋಡಿ, ಇಲ್ಲೆಲ್ಲ ಹೊರೆ ಹೊರುವುದು ‘ಮೇಲೆ’ ಎಂಬ ಚಿಕ್ಕ ಪದ. ‘ವರ್ಷಕ್ಕೆ ಶೇ 15 ಸವಕಳಿ’ ಅಂತಷ್ಟೇ ಬರೆದುಕೊಟ್ಟಿದ್ದಕ್ಕೆ ಲಾರಿಯವರೊಬ್ಬರು “ಹಂಗಾರೆ ಏಳು ವರ್ಷಕ್ಕೆ ಕಾರು ಸೊನ್ನೆ ಆಗ್ತದಾ ಮೇಡಂ?” ಅಂತ ಕೇಳಿದ್ದರು. ಉಳಿದದ್ದರ ಮೇಲೆ ಕಳೆಯುತ್ತಾ ಹೋದರೆ ಎಂದೂ ಸೊನ್ನೆ ಆಗುವುದಿಲ್ಲ. ಚಕ್ರಬಡ್ಡಿಯನ್ನು ತಿರುವಿ ಹಾಕಿದ ಹಾಗೆ ಅಂದಾಗ ಅವರಿಗೆ ತಟ್ಟನೆ ಹಿಡಿಯಿತು. ಪಠ್ಯದ ಪದಕ್ಕಿಂತ ಅದು ಹೆಚ್ಚು ಕೆಲಸ ಮಾಡಿತು.

ನನಗೆ ನಿಜವಾಗಿ ಕಷ್ಟವಾಗಿರುವುದು ವಿಮೆಯ ‘ಜೀರೋ ಡೆಪ್’. ಇದನ್ನು ‘ಶೂನ್ಯ ಸವಕಳಿ’ ಅಂತ ಬರೆದದ್ದನ್ನು ನೋಡಿದ್ದೇನೆ. ಓದಿದವರು ಕಾರಿನ ಬೆಲೆಯೇ ಇಳಿಯುವುದಿಲ್ಲ ಅಂತ ತಿಳಿಯುತ್ತಾರೆ, ನಮ್ಮ ಕಚೇರಿಗೆ ಬಂದ ಇಬ್ಬರು ಹಾಗೇ ತಿಳಿದಿದ್ದರು. ವಿಷಯ ಬೇರೆ. ಅಪಘಾತವಾಗಿ ಭಾಗ ಬದಲಿಸಿದಾಗ, ಸಾದಾ ವಿಮೆಯಲ್ಲಿ ರಬ್ಬರ್, ಪ್ಲಾಸ್ಟಿಕ್, ಬ್ಯಾಟರಿಗೆ ಅರ್ಧ ಬೆಲೆ ಕಳೆದು ಕೊಡುತ್ತಾರೆ, ಗಾಡಿ ಎಷ್ಟೇ ಹೊಸದಿರಲಿ. 6,000ದ ಬಂಪರಿಗೆ ಲೆಕ್ಕಕ್ಕೆ ಬರುವುದು 3,000. ಲೋಹದ ಭಾಗಕ್ಕೆ ಗಾಡಿಯ ವಯಸ್ಸು ನೋಡಿ ಕಳೆಯುತ್ತಾರೆ. ಗಾಜಿಗೆ ಕಳೆಯುವುದೇ ಇಲ್ಲ. ಈ ಕಡಿತವನ್ನು ಮಾಡದಿರುವುದು ಜೀರೋ ಡೆಪ್. ಕಾರಿನ ಒಟ್ಟು ಬೆಲೆ ಆ ಕೋಷ್ಟಕದಂತೆ ಇಳಿಯುತ್ತಲೇ ಇರುತ್ತದೆ. ‘ಸವಕಳಿ ಕಳೆಯದ ವಿಮೆ’ ಅಂತ ಬರೆದು ನೋಡಿದೆ. ಅರ್ಥ ಸರಿ, ಬಾಯಿಗೆ ಉದ್ದ. ‘ಕಡಿತವಿಲ್ಲದ ವಿಮೆ’ ಅಂದರೆ ಚಿಕ್ಕದು, ಆದರೆ ಮಾಲೀಕರು ಕೈಯಿಂದ ಕೊಡಲೇಬೇಕಾದ ಕಡ್ಡಾಯ ಮೊತ್ತವೂ ಇಲ್ಲ ಅಂತ ಅನಿಸಿಬಿಡುತ್ತದೆ.

ಕೇಳುವುದು ಮೂರು. ಲೆಕ್ಕದ ಪುಸ್ತಕಕ್ಕೆ ‘ಸವಕಳಿ’, ಸಂತೆಯ ಬೆಲೆಗೆ ‘ಬೆಲೆಯಿಳಿತ’ ಅಂತ ಎರಡು ಪದ ಇಟ್ಟುಕೊಂಡರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಕ್ರಿಯಾಪದ ಯಾವುದು: ಸವಕಳಿ ಕಳೆಯುವುದೋ, ಹಾಕುವುದೋ? ನಮ್ಮ ಕಚೇರಿಯಲ್ಲಿ ಎರಡೂ ನಡೆಯುತ್ತವೆ, ನನಗೆ ‘ಕಳೆಯುವುದು’ ಸರಿ ಅನಿಸುತ್ತದೆ. ಮೂರನೆಯದು ಚಳ್ಳಕೆರೆ, ಹೊಸದುರ್ಗ, ಹರಿಹರದ ಕಡೆಯವರಿಗೆ: ಎತ್ತು, ಗಾಡಿ, ಪಂಪ್‌ಸೆಟ್ ಮಾರುವಾಗ ವರ್ಷವಾದದ್ದಕ್ಕೆ ಅಂತ ಬೆಲೆ ಬಿಡುವುದಕ್ಕೆ ನಿಮ್ಮ ಮನೆಗಳಲ್ಲಿ ಹಿರಿಯರು ಏನನ್ನುತ್ತಾರೆ? ಮಾವ ಇನ್ನೂ ಕಾರು ಕೊಟ್ಟಿಲ್ಲ. ಬರುವ ಭಾನುವಾರ ಮತ್ತೆ ದಲ್ಲಾಳಿ ಬರುತ್ತಾನೆ, ಅಷ್ಟರೊಳಗೆ ಯಾರಾದರೂ ಬರೆದರೆ ಅವರಿಗೂ ಓದಿ ಹೇಳುತ್ತೇನೆ.